ಹಕ್ಕಿಯೋ, ಡ್ರೋನೋ?

ಕೃಷ್ಣಾ ತೀರದ ಉಗಾರ ಖುರ್ದದಲ್ಲಿ ಕಬ್ಬು ಕಡಿದ ಹೊಲಕ್ಕೆ ಟ್ರ್ಯಾಕ್ಟರ್ ಇಳಿದರೆ ಬೆನ್ನಿಗೇ ಬೆಳ್ಳಕ್ಕಿಗಳ ಹಿಂಡೂ ಇಳಿಯುತ್ತದೆ. ಅಂಥ ಹಿಂಡು ಮೇಲೆದ್ದಾಗ ರಾಡಾರಿನ ಕಣ್ಣಿಗೂ ಬೀಳಬಲ್ಲದು. ಹಕ್ಕಿಯ ಮೈಯ ಬಹುಪಾಲು ನೀರು. ನೀರು ರೇಡಿಯೊ ಅಲೆಗಳನ್ನು ಮರಳಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ರಾಡಾರ್ ಪರದೆಗಳ ಮೇಲೆ ಮೂಡುತ್ತಿದ್ದ ಗುರುತು ಸಿಗದ ಚುಕ್ಕೆಗಳಿಗೆ ಸಿಬ್ಬಂದಿ ‘ದೇವದೂತರು’ ಎಂದು ಹೆಸರಿಟ್ಟಿದ್ದರು. ರಾಡಾರಿಗೆ ಹಕ್ಕಿಗಳು ಕಾಣುತ್ತವೆಂದು ಡೇವಿಡ್ ಲ್ಯಾಕ್ ಮತ್ತು ವಾರ್ಲಿ 1945ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ಪರದೆ ತುಂಬ ಹಕ್ಕಿಗಳಿದ್ದರೆ ಕಾವಲು ಕಾಯುವವನು ಏನನ್ನು ನೋಡಬೇಕು? ಆದ್ದರಿಂದ ನಿಧಾನವಾಗಿ ಚಲಿಸುವ, ಕ್ಷೀಣವಾಗಿ ಕಾಣುವ ವಸ್ತುಗಳನ್ನು ಗಣಕವೇ ಸೋಸಿ ತೆಗೆಯುತ್ತದೆ. ಅರ್ಥಶಾಸ್ತ್ರದ ತರಗತಿಯಲ್ಲಿ ಸಂಖ್ಯಾಶಾಸ್ತ್ರ ಕಲಿತವರಿಗೆ ಇದು ಪರಿಚಿತ ಇಕ್ಕಟ್ಟು: ಸುಳ್ಳು ಎಚ್ಚರಿಕೆಗಳನ್ನು ತಗ್ಗಿಸಹೊರಟರೆ ನಿಜವಾದ ಅಪಾಯ ಕಣ್ತಪ್ಪುವ ಸಂಭವ ಹೆಚ್ಚುತ್ತದೆ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹೆಬ್ಬಾತುಗಳು ಬಡಿದು ವಿಮಾನವೊಂದು ಹಡ್ಸನ್ ನದಿಗೆ ಇಳಿಯಿತಷ್ಟೆ. ಅದರ ಹಾದಿಗೆ ಅಡ್ಡಲಾಗಿ ಚುಕ್ಕೆಗಳ ಸಾಲೊಂದು ರಾಡಾರ್ ದಾಖಲೆಯಲ್ಲಿತ್ತು. ನಿಯಂತ್ರಕರ ಪರದೆಯ ಮೇಲೆ ಇರಲಿಲ್ಲ. ಇದಕ್ಕೆ ವಿರುದ್ಧವಾದ ಪ್ರಸಂಗವೂ ಉಂಟು. 2023ರ ಫೆಬ್ರುವರಿಯಲ್ಲಿ ಚೀನಾದ ಬಲೂನನ್ನು ಹೊಡೆದುರುಳಿಸಿದ ಅಮೆರಿಕ, ತನ್ನ ರಾಡಾರುಗಳ ಸೋಸಣಿಗೆಯನ್ನು ಸಡಿಲಿಸಿ, 10ರಿಂದ 12ರೊಳಗೆ ಇನ್ನೂ ಮೂರು ವಸ್ತುಗಳನ್ನು ಕೆಡವಿತು. ಅವು ಬೇಹುಗಾರಿಕೆಯವೆಂಬುದಕ್ಕೆ ಆಧಾರವಿಲ್ಲವೆಂದು ಅಧ್ಯಕ್ಷ ಬೈಡನ್ ಅವರೇ ಹೇಳಬೇಕಾಯಿತು.

ನಮಗೆ ಈ ಪ್ರಶ್ನೆ ದೂರದ್ದಲ್ಲ. 2021ರ ಜೂನ್ 27ರಂದು ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್ ದಾಳಿಯಾಯಿತು. 2025ರ ಮೇ ತಿಂಗಳಲ್ಲಿ ಪಶ್ಚಿಮ ಗಡಿಯುದ್ದಕ್ಕೂ ಡ್ರೋನುಗಳು ಹಿಂಡುಹಿಂಡಾಗಿ ಬಂದವು. ಸಣ್ಣ ಡ್ರೋನು ಗಾತ್ರ, ವೇಗ, ಎತ್ತರಗಳಲ್ಲಿ ಹಕ್ಕಿಯನ್ನೇ ಹೋಲುತ್ತದೆ. ರೆಕ್ಕೆಯ ಬಡಿತವನ್ನೂ ಪಂಖದ ಸುತ್ತನ್ನೂ ಬೇರ್ಪಡಿಸಿ ನೋಡುವ ರಾಡಾರುಗಳು ಬಂದಿವೆ, ನಿಜ. ಆದರೆ ರೆಕ್ಕೆ ಅಲುಗಿಸದೆ ತೇಲುವ ಹದ್ದಿನ ಮುಂದೆ ಆ ಜಾಣತನವೂ ತಡವರಿಸುತ್ತದೆ.

ರಾಡಾರ್ ವಿನ್ಯಾಸ ಮಾಡುವ ಎಲ್‌ಆರ್‌ಡಿಇ, ತಯಾರಿಸುವ ಬಿಇಎಲ್ ಎರಡೂ ಬೆಂಗಳೂರಿನಲ್ಲಿವೆ. ಯಂತ್ರಕ್ಕೆ ಹಣ ಒದಗುತ್ತದೆ. ಯಾವ ಹಕ್ಕಿ ಯಾವ ತಿಂಗಳು, ಯಾವ ಎತ್ತರದಲ್ಲಿ ಹಾರುತ್ತದೆಂಬ ಜ್ಞಾನಕ್ಕೆ ಯಾವ ಇಲಾಖೆಯ ಆಯವ್ಯಯದಲ್ಲಿ ಜಾಗವಿದೆ? ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಆಡಳಿತಕ್ಕೆ ಹಕ್ಕಿ ನೆನಪಾಗುವುದು ಯಲಹಂಕದ ವೈಮಾನಿಕ ಪ್ರದರ್ಶನದ ವೇಳೆಗೆ. 2025ರಲ್ಲಿ ವಾಯುನೆಲೆಯ ಸುತ್ತ 13 ಕಿ.ಮೀ. ವ್ಯಾಪ್ತಿಯ ಮಾಂಸದಂಗಡಿಗಳನ್ನು ಜನವರಿ 23ರಿಂದ ಫೆಬ್ರುವರಿ 17ರವರೆಗೆ ಮುಚ್ಚಿಸಲಾಯಿತು. ವಿಮಾನಗಳ ಸುರಕ್ಷತೆಗೆ ಅದು ಬೇಕಿರಬಹುದು. ಆ ದಿನಗಳ ದುಡಿಮೆ ಕಳೆದುಕೊಂಡವರು ಸಣ್ಣ ವ್ಯಾಪಾರಿಗಳು.

ಅಮೆರಿಕದಲ್ಲಿ ಹವಾಮಾನ ರಾಡಾರುಗಳ ದಾಖಲೆ ಎಲ್ಲರಿಗೂ ಮುಕ್ತ. ಮಳೆಗಾಗಿ ನೆಟ್ಟ ಆ ರಾಡಾರುಗಳಿಂದಲೇ ರಾತ್ರಿಯ ವಲಸೆಯ ಮುನ್ಸೂಚನೆ ಸಿದ್ಧವಾಗುತ್ತದೆ. ನಮ್ಮ ಹವಾಮಾನ ಇಲಾಖೆಯ ಡಾಪ್ಲರ್ ರಾಡಾರುಗಳ ಮೂಲ ದತ್ತಾಂಶವನ್ನು ಪಕ್ಷಿ ಸಂಶೋಧಕರಿಗೂ ವಾಯುಪಡೆಗೂ ಒಟ್ಟಿಗೆ ಒದಗಿಸಲು ಹೊಸ ಗೋಪುರ ಕಟ್ಟಬೇಕಿಲ್ಲ. ಬೇಕಿರುವುದು ಮೂರು ಸಚಿವಾಲಯಗಳ ಒಪ್ಪಿಗೆ. ಅಂಥ ಕಡತ ಎಷ್ಟು ಮೇಜುಗಳ ಮೇಲೆ ಮಲಗುತ್ತದೆಂಬುದನ್ನು ನಾನು ಬಲ್ಲೆ. ಆದ್ದರಿಂದ ಬರುವ ವಲಸೆಯ ಕಾಲಕ್ಕೆ ಮುನ್ನವೇ ಅದು ಹೊರಡಲಿ.