ಅಡುಗೆಮನೆ ಕಟ್ಟುವ ಮೊದಲು ಅಡುಗೆ ಮಾಡುವವರನ್ನು ಕೇಳಿ

ಬೇಸಿಗೆ ಬಂತೆಂದರೆ ನಮ್ಮ ಕಡೆಯ ಅಡುಗೆಮನೆಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಿಂಗಾರಿ ಜೋಳ ರಾಶಿಯಾಗಿ ಮನೆಗೆ ಬರುತ್ತದೆ. ಅದಕ್ಕೂ ಮೊದಲೇ ಬಂದ ತೊಗರಿ ಬೇಳೆಯಾಗಲು ಮೂಲೆಯಲ್ಲಿ ಕಾದಿರುತ್ತದೆ. ಮೆಣಸಿನಕಾಯಿ ಒಣಗಿಸಿ, ಕುಟ್ಟಿಸಿ ವರ್ಷದ ಮಸಾಲೆ ಖಾರ ತುಂಬಬೇಕು. ಶಾವಿಗೆ, ಹಪ್ಪಳ, ಸಂಡಿಗೆ, ಕುರಡಗಿ, ಉಪ್ಪಿನಕಾಯಿ ಎಲ್ಲದಕ್ಕೂ ಇದೇ ಬಿಸಿಲು. ಎರಡು-ಮೂರು ತಿಂಗಳಲ್ಲಿ ಬಂದದ್ದೆಲ್ಲ ಮುಂದಿನ ಸುಗ್ಗಿಯವರೆಗೆ ಕೆಡದೆ ಮನೆಯಲ್ಲಿ ಉಳಿಯಬೇಕು. ಎಲ್ಲಿ ಉಳಿಯಬೇಕು ಎಂಬುದನ್ನು ಮಾತ್ರ ಮನೆ ಕಟ್ಟುವಾಗ ಯಾರೂ ಕೇಳುವುದಿಲ್ಲ. ಕೊನೆಗೆ ಬಂದ ಬೀಗರು ಬಾಗಿಲಲ್ಲಿ ನಿಂತು ಒಳಗೆ ಕಣ್ಣು ಹಾಯಿಸಿ, ‘ಈ ಮನಿ ಸೊಸಿಗೆ ಒಪ್ಪ ಓರಣ ಗೊತ್ತಿಲ್ಲ’ ಎಂದು ಹೇಳಿ ಹೋಗುತ್ತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಮಕ್ಕಳ ನೆಪದಲ್ಲಿ ಊರಿನ ಬಹಳ ಮನೆಗಳ ಅಡುಗೆ ಕೋಣೆಯವರೆಗೂ ಹೋಗಿದ್ದೇನೆ. ಸೋಮಾರಿತನದಿಂದ ತುಂಬಿಹೋದ ಅಡುಗೆಮನೆ ಕಂಡದ್ದು ಅಪರೂಪ. ಸಾಮಾನು ಇಡಲು ಜಾಗವನ್ನೇ ಬಿಡದೆ ಕಟ್ಟಿದ ಅಡುಗೆಮನೆಗಳನ್ನು ಓಣಿ ಓಣಿಯಲ್ಲಿ ಕಂಡಿದ್ದೇನೆ.

ನಮ್ಮೂರು ತಡವಳ. ಸೋಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕು. ಹೊಟಗಿಯಿಂದ ವಿಜಯಪುರಕ್ಕೆ ಹೋಗುವ ರೈಲು ನಮ್ಮೂರ ಹೆಸರಿನ ಸ್ಟೇಷನ್ ಬಿಟ್ಟು ಭೀಮಾ ನದಿ ದಾಟಿದರೆ ಲಚ್ಯಾಣ, ಅಲ್ಲಿಂದ ಕರ್ನಾಟಕ. ನನ್ನ ತವರು ಆ ದಂಡೆಗೆ, ಗಂಡನ ಮನೆ ಈ ದಂಡೆಗೆ. ಸರ್ಕಾರ ಎರಡಾದರೂ ಬಿಳಿಜೋಳದ ರೊಟ್ಟಿ, ಶೇಂಗಾ ಹಿಂಡಿ, ಬೇಸಿಗೆಯ ಈ ಧಾವಂತ ಎರಡೂ ಕಡೆ ಒಂದೇ.

ನಾನು ಮದುವೆಯಾಗಿ ಬಂದಾಗ ನಮ್ಮದು ಮಣ್ಣಿನ ಮಾಳಿಗೆ ಮನೆ. ಗೋಡೆ ಎರಡೂವರೆ ಅಡಿ ದಪ್ಪ. ಆ ದಪ್ಪದೊಳಗೇ ಅತ್ತೆಯವರ ಅರ್ಧ ಸಂಸಾರ ಇತ್ತು. ಒಲೆಯ ಪಕ್ಕ ಕೈಗೆಟಕುವ ಎತ್ತರದ ಮಾಡದಲ್ಲಿ ಉಪ್ಪು, ಖಾರ, ಅರಿಸಿನ. ಅದರ ಮೇಲಿನ ಮಾಡದಲ್ಲಿ ದೀಪ, ಕಡ್ಡಿಪೆಟ್ಟಿಗೆ. ಬಾಗಿಲ ಮೇಲೆ ಗೋಡೆಯಿಂದ ಗೋಡೆಗೆ ಹಲಗೆ ಹೊಂದಿಸಿದ ನಾಗೊಂದಿ, ಅಲ್ಲಿ ವರ್ಷಕ್ಕೊಮ್ಮೆ ಇಳಿಸುವ ಕೊಪ್ಪರಿಗೆ, ಪರಾತ. ಜಂತಿಗೆ ಕಟ್ಟಿದ ನೆಲುವಿನಲ್ಲಿ ಹಾಲು ಮೊಸರು. ಬೆಕ್ಕಿಗೆ ಎಟುಕದು. ಮೂಲೆಯಲ್ಲಿ ಒಂದರ ಮೇಲೊಂದು ಏರಿಸಿದ ಅಡಕಲ ಗಡಿಗೆಗಳು: ಕೆಳಗಿನ ದೊಡ್ಡದರಲ್ಲಿ ಕಡಲೆ, ಅದರ ಮೇಲೆ ಹೆಸರು, ಮೇಲೆ ಮೇಲೆ ಹೋದಂತೆ ಅಲಸಂದಿ, ಅಗಸಿ, ತುದಿಯ ಪುಟ್ಟ ಗಡಿಗೆಯಲ್ಲಿ ಎಳ್ಳು. ಐದಾರು ಕಾಳಿಗೆ ನೆಲದ ಮೇಲೆ ಒಂದೇ ಗಡಿಗೆಯ ಜಾಗ ಸಾಕಾಗುತ್ತಿತ್ತು. ಅತ್ತೆಯವರು ಕತ್ತಲಲ್ಲಿ ಎದ್ದರೂ ಕೈ ತಡಕಾಡುತ್ತಿರಲಿಲ್ಲ.

ಜೋಳವಂತೂ ಅಡುಗೆಮನೆಗೆ ಬರುತ್ತಲೇ ಇರಲಿಲ್ಲ. ಅದರ ಜಾಗ ಹಗೇವಿನಲ್ಲಿ. ನೆಲದೊಳಗೆ ಆಳವಾಗಿ ತೋಡಿದ ಹಗೇವಿಗೆ ಕಣಿಕಿ, ಹೊಟ್ಟು ಹಾಸಿ ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ್ದರಿಂದ ಹುಳ ಬದುಕುತ್ತಿರಲಿಲ್ಲ. ತೆರೆದ ಕೂಡಲೇ ಒಳಗೆ ಇಳಿಯಬಾರದು. ಬಾಯಿ ಬಿಚ್ಚಿ ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು ಎಂಬುದು ಹಿರಿಯರ ಕಟ್ಟಳೆ. ಅದು ಜೀವ ಉಳಿಸುವ ಕಟ್ಟಳೆಯಾಗಿತ್ತು. ಹಗೇವಿನ ಜೋಳಕ್ಕೆ ಒಂದು ವಾಸನೆ ಇರುತ್ತಿತ್ತು ನಿಜ. ಆದರೆ ಬರಗಾಲದ ವರ್ಷಗಳಲ್ಲಿ ಈ ಸೀಮೆಯ ಜನ ಅನ್ನ ಕಂಡದ್ದು ಆ ಹೊಂಡಗಳಿಂದಲೇ.

ಮಾಳಿಗೆ ಮನೆಗೂ ತೊಂದರೆಗಳಿದ್ದವು. ಮಳೆಗೆ ಸೋರುತ್ತಿತ್ತು, ಒಳಗೆ ಕತ್ತಲು, ಒಲೆಯ ಹೊಗೆಗೆ ಅತ್ತೆಯವರ ಕಣ್ಣು ಸದಾ ಕೆಂಪು. ಆ ಮನೆ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಗಿ ಹಳ್ಳಿಹಳ್ಳಿಗೆ ಗ್ಯಾಸ್ ಬಂದದ್ದು ಹೆಂಗಸರ ಎದೆಗೂಡಿಗೆ ಆದ ದೊಡ್ಡ ಉಪಕಾರ. ಅದೇ ವರ್ಷ ಗ್ರಾಮೀಣ ಪ್ರಧಾನಮಂತ್ರಿ ಆವಾಸ ಯೋಜನೆ ಬಂತು. ಮೊದಲಿನ ಇಂದಿರಾ ಆವಾಸ್‌ನಲ್ಲಿ 20 ಚದರ ಮೀಟರ್ ಇದ್ದ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್ ಆಯಿತು, ಅಂದರೆ ಸುಮಾರು 270 ಚದರಡಿ. ಸ್ವಚ್ಛವಾಗಿ ಅಡುಗೆ ಮಾಡಲು ಬೇರೆ ಜಾಗ ಅದರಲ್ಲೇ ಇರಬೇಕು ಎಂದು ನಿಯಮವೇ ಹೇಳಿತು. ಬಯಲು ಸೀಮೆಗೆ 1 ಲಕ್ಷ 20 ಸಾವಿರ ರೂಪಾಯಿ ನೆರವು. ನಮ್ಮಲ್ಲಿ ಇದಕ್ಕೆ ಘರಕುಲ ಎನ್ನುತ್ತಾರೆ. ಸೋರದ ಸೂರು ಕಂಡು ಎಷ್ಟೋ ಮನೆಯವರು ಅತ್ತದ್ದನ್ನು ನೋಡಿದ್ದೇನೆ.

ಆದರೆ ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ದಿನಕ್ಕೆ ಕಾಲು ಕಿಲೋ ಜೋಳ ಹಿಡಿದರೂ ಐದು ಜನರ ಮನೆಗೆ ವರ್ಷಕ್ಕೆ 4.5 ಕ್ವಿಂಟಲ್ ಬೇಕು. 50 ಕಿಲೋದ ಒಂಬತ್ತು ಚೀಲ. ಮೇಲೆ ಗೋಧಿ, ರೇಷನ್ ಅಕ್ಕಿ, ತೊಗರಿ, ಶೇಂಗಾ. 14.2 ಕಿಲೋ ಗ್ಯಾಸಿನ ಸಿಲಿಂಡರು ಒಂದು, ತುಂಬಿದ್ದು ಇನ್ನೊಂದು. ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಊರಾದರೆ ಕೊಡಗಳ ಸಾಲು, ಡ್ರಮ್ಮು. 270 ಚದರಡಿಯಲ್ಲಿ ಜನರೇ ಮಲಗಬೇಕು. ಹಗೇವುಗಳನ್ನು ಮುಚ್ಚಿಯಾಗಿದೆ. ಹೊಸ ಗೋಡೆ ಆರು ಅಥವಾ ಒಂಬತ್ತು ಇಂಚು, ಅದರಲ್ಲಿ ಮಾಡ ಕೊರೆಯಲು ದಪ್ಪವೇ ಇಲ್ಲ. ಸ್ಲ್ಯಾಬಿಗೆ ಜಂತಿ ಇಲ್ಲ, ನೆಲುವು ಕಟ್ಟಲು ಕೊಂಡಿಯೂ ಇಲ್ಲ. ಹಿಂದೆ ಗೋಡೆ, ಸೂರು, ನೆಲ ಮೂರೂ ಹೊತ್ತಿದ್ದ ಭಾರ ಈಗ ಫರಸಿಯ ಮೇಲೆ ಬಿದ್ದಿದೆ. ಸೊಸೆಯ ಒಪ್ಪ ಓರಣದ ಮಾತು ಆಡುವವರು ಈ ಲೆಕ್ಕವನ್ನು ಮೊದಲು ಮಾಡಲಿ.

ನಮ್ಮ ಮನೆ ಹೊಸದಾಗಿ ಕಟ್ಟುವಾಗ ನಡೆದ ಮಾತು ಇದು. ಅಡುಗೆಮನೆಯ ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಸೊಸೆ ನನ್ನ ಕಿವಿಯಲ್ಲಿ, “ಅತ್ತಿ, ಡಬ್ಬಿ ಎಲ್ಲಿ ಇಡೂಣು?” ಎಂದಳು. ನಾನು ಗೌಂಡಿಯನ್ನು ಕೇಳಿದೆ. “ಬಾಯಾರ, ನಕಾಶೆದಾಗ ಅದು ಇಲ್ಲರಿ. ಆಮ್ಯಾಲೆ ಒಂದು ಮಾಂಡಣಿ ತಂದು ಮಳಿ ಹೊಡೀರಿ, ಆತು” ಎಂದ. ನಕಾಶೆ ಬರೆದವನು ಪೇಟೆಯ ಹುಡುಗ, ಅಡುಗೆಮನೆಗೆ ಒಲೆ ಇಡುವ ಒಂದು ಓಟಾ, ಒಂದು ಕಿಟಕಿ, ಒಂದು ಸಿಂಕು ತೋರಿಸಿದ್ದ. ಪೇಟೆಯಲ್ಲಿ ಅದು ಸಾಕಾಗಬಹುದು. ಬೇಕಾದಾಗ ಕಿರಾಣಿ ಅಂಗಡಿಯಿಂದ ಎರಡು ಕಿಲೋ ಹಿಟ್ಟು ತರುವವರಿಗೆ ಕಾಳು ತುಂಬುವ ಕೋಠಿ ಬೇಡ. ನಾನು ಹಟ ಹಿಡಿದೆ. ಗೌಂಡಿ ಓಟಾದ ಕೆಳಗೆ ಇಟ್ಟಿಗೆಯ ಮೇಲೆ ಕಡಪಾ ಕಲ್ಲಿನ ಎರಡು ಹಂತ ಕೂಡಿಸಿದ. ಒಲೆಗೆ ಎದುರಿನ ಗೋಡೆಗೆ ಲಿಂಟಲ್ ಹಾಕುವಾಗಲೇ ಎರಡಡಿ ಅಗಲದ ಅಟ್ಟ ಒಳಗೆ ಚಾಚಿಸಿದ. ಜೋಳದ ಕೋಠಿಗೆ ಅಡುಗೆಮನೆಯ ಹೊರಗೆ, ಪಡಸಾಲೆಯ ಮೂಲೆಯಲ್ಲಿ ಒಂದು ಗೇಣು ಎತ್ತರದ ಕಟ್ಟೆ. ಇಷ್ಟಕ್ಕೆ ಹೆಚ್ಚಾದ ಖರ್ಚು ಟೈಲ್ಸ್‌ಗೆ ಕೊಟ್ಟ ಹಣದ ಮುಂದೆ ಏನೂ ಅಲ್ಲ. ಇಂದು ಸೊಸೆ ಒಲೆಯ ಮುಂದೆ ನಿಂತರೆ ದಿನದ ಡಬ್ಬಿಗಳೆಲ್ಲ ಅವಳ ಕೈಯಳತೆಯಲ್ಲೇ ಸಿಗುತ್ತವೆ.

ಕುಂಭಾರಿಯಲ್ಲಿ ನಮ್ಮ ದೂರದ ಸಂಬಂಧಿಯೊಬ್ಬಳು ಬೀಡಿ ಕಟ್ಟುತ್ತಾಳೆ. ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೋಗುವಾಗ ರಸ್ತೆಗೆ ಹತ್ತಿರವೇ ಆ ಊರು. ಬೀಡಿ ಕಾರ್ಮಿಕ ಹೆಂಗಸರು ಹೋರಾಡಿ ಪಡೆದ ಕಾಮ್ರೇಡ್ ಗೋದೂತಾಯಿ ಪರುಳೇಕರ ಹೆಸರಿನ ವಸಾಹತು ಅಲ್ಲಿದೆ. 10,000 ಮನೆಗಳು, 2006ರಲ್ಲಿ ಕೈಗೆ ಬಂದವು. ಅದರ ಮಗ್ಗುಲಿನ ರೇನಗರದಲ್ಲಿ 30,000 ಮನೆಗಳ ಯೋಜನೆಯಲ್ಲಿ ಮೊದಲ 15,000 ಮನೆಗಳನ್ನು 2024ರ ಜನವರಿಯಲ್ಲಿ ಕೊಟ್ಟರು. ಬಾಡಿಗೆಯ ಚಾಳಿನಲ್ಲಿ ಬದುಕು ಕಳೆದವರಿಗೆ ಸ್ವಂತ ಬಾಗಿಲು ಸಿಕ್ಕದ್ದು ಸಣ್ಣ ಮಾತಲ್ಲ. ಆದರೆ ಬೀಡಿ ಕಟ್ಟುವವಳ ಮನೆ ಕಾರಖಾನೆಯೂ ಹೌದು. ಎಲೆಯನ್ನು ನೆನೆಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಬೇಕು. ತಂಬಾಕು ಒಣಗಿರಬೇಕು. ಕಟ್ಟಿದ ಬೀಡಿ ಬೇರೆ ಇಡಬೇಕು. ಇವೆಲ್ಲ ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ. ಅವಳ ಮನೆಯಲ್ಲಿ ನಾನು ಕಣ್ಣಾರೆ ಕಂಡದ್ದು: ರೊಟ್ಟಿಯ ಬುಟ್ಟಿಗೆ ಎರಡು ಸುತ್ತು ಅರಿವೆ, ತಂಬಾಕಿನ ಪುಡಿ ಹಾರಿ ಕೂಡಬಾರದೆಂದು. ಎಷ್ಟು ಜಾಗರೂಕಳಾದರೂ ಅವಳ ಕೈಯಲ್ಲಿ ಇರುವುದು ಅರಿವೆ ಮಾತ್ರ. ಗೋಡೆಯಲ್ಲಿ ಬಾಗಿಲಿರುವ ಒಂದು ಕಪಾಟು ಕಟ್ಟಿಕೊಟ್ಟಿದ್ದರೆ ಮಕ್ಕಳ ಊಟ ಮತ್ತು ತಂಬಾಕು ಬೇರೆ ಬೇರೆ ಇರುತ್ತಿದ್ದವು. ಇಂಥ ಮನೆಗೆ ಕಪಾಟು ಶೋಕಿಯಲ್ಲ, ಆರೋಗ್ಯದ ಪ್ರಶ್ನೆ.

ಸರ್ಕಾರಿ ವಸತಿಯಲ್ಲಿ ಇದೆಲ್ಲ ಆಗದ ಮಾತು ಎನ್ನುವವರಿಗೆ ಒಂದು ಹಳೆಯ ಉದಾಹರಣೆ ಇದೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರ ದುಡಿಯುವವರಿಗಾಗಿ ಮನೆ ಕಟ್ಟಿಸುವಾಗ ಅಡುಗೆಮನೆಯ ಕೆಲಸವನ್ನು ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಹೆಣ್ಣುಮಗಳಿಗೆ ಒಪ್ಪಿಸಿತು. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಮೂರೂವರೆ ಮೀಟರಿನ ಹತ್ತಿರ. ಅಷ್ಟರಲ್ಲೇ ಬೇಳೆ, ಅಕ್ಕಿ, ಸಕ್ಕರೆಗೆ ಹೆಸರು ಬರೆದ ಅಲ್ಯುಮಿನಿಯಂ ಡಬ್ಬಗಳು ಗೋಡೆಯಲ್ಲೇ ಕೂತಿದ್ದವು. ಹಿಟ್ಟಿಗೆ ಮಾತ್ರ ಓಕ್ ಮರದ ಡಬ್ಬ, ಹುಳ ಬರಬಾರದೆಂದು. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆ ಕೋಣೆಯನ್ನು ಅವರು ನೋಡಿ ಕಲಿತರು. ಮನೆಗೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂದು ಅಳೆದರು, ಗೃಹಿಣಿಯರನ್ನು ಕೇಳಿದರು. ಅಂಥ ಅಡುಗೆಮನೆಗಳು ಸುಮಾರು 10,000 ಆದವು, ನಮ್ಮ ಕುಂಭಾರಿಯ ಮೊದಲ ವಸಾಹತಿನಷ್ಟೇ. ಆಕೆ ಅದುವರೆಗೆ ತಾವು ಮನೆವಾರ್ತೆ ನಡೆಸಿದವರೂ ಅಲ್ಲ, ಅಡುಗೆ ಮಾಡಿದವರೂ ಅಲ್ಲ ಎಂದು ಮುಂದೆ ಹೇಳಿಕೊಂಡರು. ನಕಾಶೆ ಬರೆಯುವವರಿಗೆ ರೊಟ್ಟಿ ಬಡಿಯಲು ಬರಬೇಕಾಗಿಲ್ಲ, ಬಡಿಯುವವರನ್ನು ಕೇಳುವ ಮನಸ್ಸು ಬೇಕು. ಹಾಗೆಂದು ಆ ಅಡುಗೆಮನೆ ನಮಗೆ ಹೊಂದುವುದಿಲ್ಲ. ಅದರಲ್ಲಿ ಒಬ್ಬರೇ ಕೆಲಸ ಮಾಡಬಹುದು. ನಮ್ಮಲ್ಲಿ ಎಳ್ಳಮಾವಾಸ್ಯೆಯ ಹಿಂದಿನ ದಿನ ಅತ್ತೆ, ಸೊಸೆ, ನಾದಿನಿ ಕೂತು ಭಜ್ಜಿಗೆ ಕಾಯಿಪಲ್ಲೆ ಬಿಡಿಸಬೇಕು. ನಮ್ಮ ಅಳತೆ ನಮ್ಮದೇ ಆಗಬೇಕು.

ಬಳಸದ್ದನ್ನೆಲ್ಲ ಹೊರಗೆ ಹಾಕಿ ಎಂಬ ಪೇಟೆಯ ಬುದ್ಧಿಮಾತು ಹಳ್ಳಿಗೆ ಅರ್ಧ ಮಾತ್ರ ಹೊಂದುತ್ತದೆ. ಹೊಲಕ್ಕೆ ಬುತ್ತಿ ಕಟ್ಟುವ ದೊಡ್ಡ ಬುಟ್ಟಿ ವರ್ಷದಲ್ಲಿ ಎರಡು ಸಲ ಇಳಿಯಬಹುದು. ಅದಿಲ್ಲದೆ ಹಬ್ಬ ಆಗದು. ಆದರೆ ಒಂದು ವಿಷಯದಲ್ಲಿ ನಾವು ಕೈ ಗಟ್ಟಿ ಮಾಡಲೇಬೇಕು. ಮದುವೆ, ಗೃಹಪ್ರವೇಶ, ಕುಬಸ, ಯಾವುದಕ್ಕೂ ಆಯೇರಿ ಎಂದರೆ ಸ್ಟೀಲಿನ ಭಾಂಡೆ, ಅದರ ಮೇಲೆ ಕೊಟ್ಟವರ ಹೆಸರು. ಹೆಸರಿರುವುದರಿಂದ ಮತ್ತೊಬ್ಬರಿಗೆ ಕೊಡಲೂ ಸಂಕೋಚ. ಒಂದೇ ಅಳತೆಯ ಹತ್ತಾರು ತಂಬಿಗೆ, ಯಾರೂ ಉಣ್ಣದ ತಾಟು, ಜನವರಿಯಲ್ಲಿ ಸೋಲಾಪುರದ ಸಿದ್ಧೇಶ್ವರನ ಗಡ್ಡಾ ಜಾತ್ರೆಯಿಂದ ತಂದ ಬರಣಿಗಳು, ಎಲ್ಲ ಸೇರಿ ಜೋಳದ ಜಾಗ ತಿನ್ನುತ್ತವೆ. ಆಯೇರಿಯಲ್ಲಿ ನೂರು ರೂಪಾಯಿ ಕೊಟ್ಟರೆ ಪ್ರೀತಿ ಕಡಿಮೆಯಾಗದು. ಈಗಾಗಲೇ ಕೂಡಿದ ಭಾಂಡೆಯನ್ನು ಓಣಿಯ ಗುಡಿಗೆ ಕೊಡಿ. ಊರ ಮದುವೆಗೆ ಬೇಕಾದ ಹಂಡೆ, ತಾಟು ಗುಡಿಯ ಕಮಿಟಿಯ ಬಳಿ ಇದ್ದು, ಬೇಕಾದವರು ತಂದು ತಿಕ್ಕಿ ಮರಳಿಸುವ ಪದ್ಧತಿ ನಮ್ಮ ಕಡೆ ಹೊಸದಲ್ಲ. ಅದನ್ನು ಗಟ್ಟಿ ಮಾಡಿದರೆ ಮನೆಗೊಂದು ಕೊಪ್ಪರಿಗೆ ಬೇಕಾಗಿಲ್ಲ.

ಇದ್ದ ಮನೆಯಲ್ಲೇ ಇರುವವರಿಗೆ ನನ್ನ ಅನುಭವದ ಮಾತು ಒಂದಿಷ್ಟು. ಭಾರದ್ದು ಮೇಲೆ ಏರಿಸಬೇಡಿ. ಸ್ಟೂಲು ಹತ್ತಿ ಹಿತ್ತಾಳೆ ಭಾಂಡೆ ಇಳಿಸುವಾಗ ಸೊಂಟ ಮುರಿದುಕೊಂಡ ವಯಸ್ಸಾದ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ. ಅಟ್ಟಕ್ಕೆ ಹಪ್ಪಳ, ಶಾವಿಗೆಯಂಥ ಹಗುರಾದ ಡಬ್ಬ ಸಾಕು, ಅದೂ ಒಲೆಯ ಮೇಲ್ಭಾಗ ಬಿಟ್ಟು. ಜೋಳ ಕಟಕಟ ಎನ್ನುವಂತೆ ಒಣಗಿಸಿ ಬೇವಿನ ಸೊಪ್ಪಿನೊಂದಿಗೆ ಕೋಠಿಗೆ ತುಂಬಿ, ಕೋಠಿ ಗೋಡೆಗೆ ತಾಗದಂತೆ ಇಡಿ. ಸಿಲಿಂಡರನ್ನು ಮುಚ್ಚಿದ ಕಪಾಟಿನಲ್ಲಿ ಅಡಗಿಸಬೇಡಿ. ಅದು ನೆಟ್ಟಗೆ, ಗಾಳಿಯಾಡುವ ಕಡೆ, ಒಲೆಗಿಂತ ತಗ್ಗಿನಲ್ಲಿ ಇರಬೇಕು.

ಈ ವರ್ಷ ಘರಕುಲ ಮಂಜೂರಾದವರಲ್ಲಿ, ಗ್ರಾಮ ಪಂಚಾಯಿತಿಯವರಲ್ಲಿ, ಎಂಜಿನಿಯರರಲ್ಲಿ ನನ್ನದೊಂದು ವಿನಂತಿ. ಪಾಯ ತೋಡುವ ಮೊದಲು ಆ ಮನೆಯ ಹೆಂಗಸನ್ನು ಕರೆದು ನಕಾಶೆಯ ಮುಂದೆ ನಿಲ್ಲಿಸಿರಿ. ಜೋಳ ಎಲ್ಲಿ, ಕೊಡ ಎಲ್ಲಿ, ಡಬ್ಬಿ ಎಲ್ಲಿ ಎಂದು ಕೇಳಿ, ಅವಳು ಬೆರಳಿಟ್ಟ ಕಡೆ ಗುರುತು ಮಾಡಿಕೊಳ್ಳಿರಿ. ತಾಯಂದಿರೇ, ನಿಮ್ಮನ್ನು ಯಾರೂ ಕರೆಯದಿದ್ದರೆ ನೀವೇ ಹೋಗಿ ಗೌಂಡಿಗೆ ಹೇಳಿರಿ. ಲಿಂಟಲ್ ಬೀಳುವ ಮುಂಚೆಯೇ ಹೇಳಬೇಕು. ಅಟ್ಟ ಅದರೊಂದಿಗೇ ಆಗುತ್ತದೆ, ಆಮೇಲೆ ಮಾಡಿಸಲು ಗೋಡೆ ಒಡೆಯಬೇಕಾಗುತ್ತದೆ.