ಬರಕ್ಕೆ ಮದ್ದೆಂದು ಹೊಳೆಯನ್ನೇ ಮುಳುಗಿಸುವುದೇ?

ಮಾರ್ಚ್–ಏಪ್ರಿಲ್‌ನಲ್ಲಿ ಮುತ್ತತ್ತಿಯಿಂದ ಸಂಗಮದ ಕಡೆಗೆ ಕಾವೇರಿಯ ದಂಡೆ ನೋಡಿದವರಿಗೆ ಇದು ಗೊತ್ತು. ಎರಡೂ ಬದಿಯ ಗುಡ್ಡಗಳಲ್ಲಿ ಎಲೆ ಎಂಬುದೇ ಇರುವುದಿಲ್ಲ. ಹಸಿರೇನಿದ್ದರೂ ಹೊಳೆಯಂಚಿಗೆ ಸಾಲು ನಿಂತ ಹೊಳೆಮತ್ತಿ ಮರಗಳದ್ದು. ಕರ್ನಾಟಕದಲ್ಲಿ ಅಪರೂಪವಾದ ಬೂದು ಬಣ್ಣದ ದೊಡ್ಡ ಅಳಿಲು ಬದುಕುವುದು ಈ ಮರಗಳ ನೆತ್ತಿಯಲ್ಲೇ. ಕೊಂಬೆಗೆ ಕೊಂಬೆ ತಾಗಿದ್ದರಷ್ಟೇ ಅದಕ್ಕೆ ಓಡಾಟ. ಕೆಳಗೆ ಬಂಡೆಸಂದುಗಳಲ್ಲಿ ನೀರುನಾಯಿ, ಆಳದ ಮಡುಗಳಲ್ಲಿ ಅಳಿವಿನಂಚಿನ ಮಹಶೀರ್ ಮೀನು. ಸಂಜೆ ಇಳಿದುಬರುವ ಆನೆಗಳು ಕಾಲಿನಿಂದ ಮರಳು ಕೆದಕಿ, ಒರತೆ ತೋಡಿ ನೀರು ಕುಡಿಯುತ್ತವೆ. ಬೇಸಿಗೆಯಲ್ಲಿ ಆ ಇಡೀ ಕಾಡು ಬದುಕುವುದು ಈ ಕಿರಿದಾದ ಪಟ್ಟಿಯ ಮೇಲೆ.

ಮುಳುಗಿಸಲು ಹೊರಟಿರುವುದು ಈ ಪಟ್ಟಿಯನ್ನೇ. ಮೇಕೆದಾಟು ಯೋಜನೆಯಲ್ಲಿ 67.16 ಟಿಎಂಸಿ ನೀರು ನಿಲ್ಲಿಸಿ, 400 ಮೆಗಾವಾಟ್ ವಿದ್ಯುತ್ ತೆಗೆದು, ಬೆಂಗಳೂರಿಗೆ 4.75 ಟಿಎಂಸಿ ಕುಡಿಯುವ ನೀರು ಕೊಡುತ್ತಾರಂತೆ. ಬದಲಿಗೆ ಸುಮಾರು 5,000 ಹೆಕ್ಟೇರ್ ಹೋಗುತ್ತದೆ. ಅದರಲ್ಲಿ ಬಹುಪಾಲು 1987ರಲ್ಲಿ ನಾವೇ ಘೋಷಿಸಿದ ಕಾವೇರಿ ವನ್ಯಜೀವಿಧಾಮ ಮತ್ತು ಮೀಸಲು ಅರಣ್ಯ. ಕಾಂಗ್ರೆಸ್ 2022ರ ಜನವರಿಯಲ್ಲಿ ಪಾದಯಾತ್ರೆ ಮಾಡಿತು, ಅದೇ ವರ್ಷ ಬಿಜೆಪಿ ಸರ್ಕಾರ ಬಜೆಟ್‌ನಲ್ಲಿ 1,000 ಕೋಟಿ ತೆಗೆದಿಟ್ಟಿತು, ಜೆಡಿಎಸ್ ಕೂಡ ಬೇಕೇ ಬೇಕು ಎನ್ನುತ್ತದೆ. ಉಳಿದೆಲ್ಲದಕ್ಕೂ ಜುಟ್ಟು ಹಿಡಿದುಕೊಳ್ಳುವ ಮೂರು ಪಕ್ಷಗಳು ಒಂದೇ ದನಿಯಲ್ಲಿ ಮಾತನಾಡಿದಾಗ, ಎದುರು ಮಾತನಾಡಿದವನು ತಮಿಳುನಾಡಿನ ಏಜೆಂಟ್ ಆಗಿಬಿಡುತ್ತಾನೆ. ಇರಲಿ. ತಮಿಳುನಾಡಿನ ತಕರಾರಿಗೂ ನನ್ನ ತಕರಾರಿಗೂ ಸಂಬಂಧವಿಲ್ಲ. ಅವರಿಗೆ ನೀರು ತಮ್ಮ ಗದ್ದೆಗೆ ಬಂದರೆ ಸಾಕು. ಇಲ್ಲಿಯ ನೀರುನಾಯಿಯ ಚಿಂತೆ ಅವರಿಗೂ ಇಲ್ಲ.

ಅಣೆಕಟ್ಟು ಬೇಕೆನ್ನುವವರ ಮೊದಲ ವಾದ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಆ ವರ್ಷ ಕೆಆರ್‌ಎಸ್ ತುಂಬಲೇ ಇಲ್ಲ. ಮೇಲಿನ ಜಲಾಶಯವೇ ತುಂಬದ ವರ್ಷ ಕೆಳಗಿನದಕ್ಕೆ ನೀರು ಎಲ್ಲಿಂದ? ಒಳ್ಳೆ ಮಳೆಯ ವರ್ಷದ್ದನ್ನು ಉಳಿಸಿಟ್ಟುಕೊಳ್ಳುತ್ತೇವೆ ಎನ್ನಬಹುದು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ತಿಂಗಳು ತಿಂಗಳು ಲೆಕ್ಕ ಒಪ್ಪಿಸಬೇಕಾದ, ಕರೆಂಟಿಗಾಗಿ ನೀರು ಹರಿಸಲೇಬೇಕಾದ ಅಣೆಕಟ್ಟಿನಲ್ಲಿ ಅದನ್ನು ಎರಡನೇ ಬೇಸಿಗೆಯವರೆಗೆ ಯಾರು ಮುಟ್ಟದೆ ಬಿಡುತ್ತಾರೆ?

ಎರಡನೇ ವಾದ ಕಬಿನಿ. ಅಣೆಕಟ್ಟು ಕಟ್ಟಿ ಕಾಡು ಮುಳುಗಿಸಿದರೂ ಇವತ್ತು ಬೇಸಿಗೆಯಲ್ಲಿ ಆನೆಗಳು ಸೇರುವುದು ಅದರ ಹಿನ್ನೀರಿನಲ್ಲೇ ಅಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಕಬಿನಿಯದು ಅಗಲವಾದ, ಇಳಿಜಾರು ಕಡಿಮೆಯಿರುವ ಕಣಿವೆ. ನೀರು ಹಿಂದಕ್ಕೆ ಸರಿದಂತೆ ಬಯಲು ತೆರೆದುಕೊಂಡು ಹುಲ್ಲು ಚಿಗುರುತ್ತದೆ, ಆನೆ ಬರುವುದು ಆ ಹುಲ್ಲಿಗೆ. ಮೇಕೆದಾಟಿನ ಸುತ್ತ ಇರುವುದು ಕಡಿದಾದ ಬಂಡೆಗುಡ್ಡ. ಅಲ್ಲಿ ನೀರು ಇಳಿದರೆ ಕಾಣುವುದು ಕೆಸರು ಮೆತ್ತಿದ ಕಲ್ಲು. ಮುಳುಗಿದ ಹೊಳೆಮತ್ತಿ ಸಾಲು ಗುಡ್ಡದ ಮೇಲೆ ಮತ್ತೆ ಬೆಳೆಯುವುದಿಲ್ಲ, ಹರಿವು ನಿಂತ ನೀರಿನಲ್ಲಿ ಮಹಶೀರ್ ಮೊಟ್ಟೆಯಿಡುವುದಿಲ್ಲ. ಬದಲಿ ಜಾಗದಲ್ಲಿ ಗಿಡ ನೆಡುತ್ತೇವೆ ಎಂಬ ಭರವಸೆಯೂ ಇದೆ. ಗಿಡ ನೆಡಬಹುದು, ಹೊಳೆ ನೆಡಲಾದೀತೇ?

ಪ್ರಾಣಿಗಳಿಗೆ ನೀರು ಬೇಕೆಂದರೆ ಸರ್ಕಾರಕ್ಕೆ ಹೊಳೆಯುವುದು ಟ್ಯಾಂಕರ್. ಇಲ್ಲವೇ ಸೋಲಾರ್ ಪಂಪಿನ ಬೋರ್‌ವೆಲ್. ಸಿಮೆಂಟ್ ತೊಟ್ಟಿಗೆ ನೀರು ಬೀಳುವ ಫೋಟೊ ಪತ್ರಿಕೆಗಳಿಗೆ ತಲುಪಿದರೆ ಬೇಸಿಗೆಯ ಕೆಲಸ ಮುಗಿದಂತೆ. ತೀರಾ ಬರಗಾಲದಲ್ಲಿ ಅದು ಬೇಡ ಎನ್ನಲಾರೆ. ಆದರೆ ವರ್ಷವಿಡೀ ನೀರಿರುವ ತೊಟ್ಟಿಯ ಸುತ್ತ ಜಿಂಕೆ, ಕಾಟಿ, ಆನೆ ಎಲ್ಲ ಒಂದೇ ಕಡೆ ಮೇದು ನೆಲ ಬೋಳಾಗುತ್ತದೆ, ರೋಗವೂ ಸುಲಭವಾಗಿ ಹರಡುತ್ತದೆ. ಬೇಸಿಗೆಯಲ್ಲಿ ಹಳ್ಳಕ್ಕೆ ಜಿನುಗಬೇಕಾದ ಅಂತರ್ಜಲವನ್ನೇ ಎತ್ತಿ ತೊಟ್ಟಿ ತುಂಬಿಸುವುದರಲ್ಲಿ ಜಾಣತನವಾದರೂ ಏನಿದೆ?

ಇನ್ನು ಬೆಂಗಳೂರು. ಈ 4.75 ಟಿಎಂಸಿ ಎಂದರೆ ದಿನಕ್ಕೆ ಸುಮಾರು 368 ದಶಲಕ್ಷ ಲೀಟರ್. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗುವ ಮೊದಲು ನಗರಕ್ಕೆ ದಿನಕ್ಕೆ 1,450 ದಶಲಕ್ಷ ಲೀಟರ್ ಬರುತ್ತಿತ್ತು. ಅದರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಸೋರಿಕೆ, ಕಳ್ಳ ಸಂಪರ್ಕ, ಕೆಟ್ಟ ಮೀಟರು ಎಂದು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. 1,450ರ ಕಾಲುಭಾಗ ಎಷ್ಟು? 362. ಅಂದರೆ ಕಾಡು ಮುಳುಗಿಸಿ ತರಹೊರಟಿರುವಷ್ಟು ನೀರಿನ ಲೆಕ್ಕ ನಮ್ಮ ಪೈಪುಗಳಲ್ಲೇ ತಪ್ಪಿಹೋಗುತ್ತಿತ್ತು. ಪೈಪು ರಿಪೇರಿಗೆ ಯಾರೂ ಪಾದಯಾತ್ರೆ ಹೊರಡುವುದಿಲ್ಲ. ಅಲ್ಲಿ ಶಂಕುಸ್ಥಾಪನೆಯ ಕಲ್ಲಿಗೆ ಜಾಗವಿಲ್ಲವಲ್ಲ!

ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ 740 ಟಿಎಂಸಿಯನ್ನು ಹಂಚುವಾಗ 10 ಟಿಎಂಸಿಯನ್ನು ಪರಿಸರ ರಕ್ಷಣೆಗೆಂದು ಬೇರೆಯಾಗಿಯೇ ತೆಗೆದಿಟ್ಟಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಪಾಲು ಬದಲಿಸಿತಾದರೂ ಅದನ್ನು ಕೈಬಿಡಲಿಲ್ಲ. ನಮ್ಮ 284.75 ಟಿಎಂಸಿಯ ಒಂದೊಂದು ಹನಿಗೂ ಹೋರಾಡುವವರು ಈ ಹತ್ತರ ಸುದ್ದಿಯನ್ನೇ ಎತ್ತುವುದಿಲ್ಲ. ಬರಗಾಲದ ಏಪ್ರಿಲ್‌ನಲ್ಲಿ ಶಿವನಸಮುದ್ರದ ಕೆಳಗೆ ಕನಿಷ್ಠ ಎಷ್ಟು ನೀರು ಹರಿಯಲೇಬೇಕು ಎಂಬುದನ್ನು ಸರ್ಕಾರ ನಿಗದಿ ಮಾಡಿ, ಪ್ರತಿದಿನ ಅಳೆದು, ಅಂಕಿ ಪ್ರಕಟಿಸಲಿ. ಅಲ್ಲಿಯವರೆಗೆ ಮೇಕೆದಾಟಿಗೆಂದು ಒಂದು ರೂಪಾಯಿಯನ್ನೂ ಖರ್ಚು ಮಾಡುವ ಹಕ್ಕು ಅದಕ್ಕಿಲ್ಲ.