ಉದುರದ ಕೂದಲನ್ನು ಬಾಚುವವರು ಯಾರು?

ಪೂಡಲ್ ಬೆರಕೆಯ ನಾಯಿಮರಿ ಮಾರುವವರೆಲ್ಲ ಮೂರು ಮಾತು ಹೇಳುತ್ತಾರೆ: ಕೂದಲು ಉದುರುವುದಿಲ್ಲ, ವಾಸನೆ ಬರುವುದಿಲ್ಲ, ಅಲರ್ಜಿ ಆಗುವುದಿಲ್ಲ. ಮೂರರಲ್ಲೂ ‘ಇಲ್ಲ’ ಇರುವುದನ್ನು ಗಮನಿಸಿ. ನಾಯಿಯ ಗುಣ ಹೇಳಿ ಎಂದರೆ ಅದರಲ್ಲಿ ಏನೇನಿಲ್ಲ ಎಂಬ ಪಟ್ಟಿ ಕೊಡುತ್ತಾರೆ. ನಾಯಿ ಬೇಕು, ನಾಯಿಯ ಕೆಲಸ ಬೇಡ ಎನ್ನುವ ಗಿರಾಕಿಗೆಂದೇ ಹೊಸೆದ ಮಾತು ಇದು. ಕಾಕಪೂ, ಮಾಲ್ಟಿಪೂ, ಲ್ಯಾಬ್ರಡೂಡಲ್ ಎಂಬ ಹೆಸರುಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳನ್ನು ದಾಟಿ ಈಗ ಮೈಸೂರಿನ ಕುವೆಂಪುನಗರದವರೆಗೂ ಬಂದಿವೆ. ನಮ್ಮ ಮನೆಗೂ ಬಂದಿರುವುದರಿಂದ ಈ ಜಗಳ ನನ್ನದೂ ಹೌದು.

ನಮ್ಮದು ಕಾಕಪೂ, ಅಂದರೆ ಕಾಕರ್ ಸ್ಪ್ಯಾನಿಯಲ್ ಮತ್ತು ಪೂಡಲ್‌ಗೆ ಹುಟ್ಟಿದ್ದು. ಹೆಸರು ಚಕ್ಕುಲಿ; ಗುಂಗುರು ಕೂದಲು ನೋಡಿ ಅಮ್ಮ ಇಟ್ಟದ್ದು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅಣ್ಣ ತಂದ. ಅವನು ಹೊರದೇಶಕ್ಕೆ ಹೋಗಬೇಕಾದಾಗ ‘ಫ್ಯಾಮಿಲಿ ಡಾಗ್’ ಫ್ಯಾಮಿಲಿಯ ಪಾಲಿಗೆ ಬಂತು. ಫ್ಯಾಮಿಲಿ ಎಂದರೆ ಮಂಡಿನೋವಿನ ಅಮ್ಮ ಮತ್ತು ‘ಪಿಎಚ್.ಡಿ. ತಾನೇ, ಮನೆಯಲ್ಲೇ ಇರ್ತಾಳೆ’ ಎನ್ನಿಸಿಕೊಂಡ ನಾನು. ಅಪ್ಪ ಬೆಳಿಗ್ಗೆ ವಾಕಿಂಗ್ ಕರೆದುಕೊಂಡು ಹೋಗುತ್ತಾರೆ. ಬೀದಿಯವರ ಲೆಕ್ಕದಲ್ಲಿ ನಾಯಿ ಸಾಕುತ್ತಿರುವವರು ಅವರೇ.

ಕೂದಲು ಉದುರುವುದಿಲ್ಲ ಎಂದರೆ ಏನು? ಎಲ್ಲ ನಾಯಿಗಳ ಕೂದಲಿನಂತೆ ಇದರದ್ದೂ ಬೆಳೆಯುತ್ತದೆ, ಬುಡದಿಂದ ಕಳಚುತ್ತದೆ. ಕಳಚಿದ್ದು ನೆಲಕ್ಕೆ ಬೀಳುವ ಬದಲು ಪಕ್ಕದ ಗುಂಗುರಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಇನ್ನೊಂದು, ಮತ್ತೊಂದು. ಜೊಲ್ಲೋ ಮಳೆನೀರೋ ತಾಗಿದರೆ ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಮೊದಲು ಜಡೆಗಟ್ಟುತ್ತದೆ. ಮೇಲಿಂದ ನೋಡಿದರೆ ನಾಯಿ ಮುದ್ದಾಗಿಯೇ ಇರುತ್ತದೆ, ಫೋಟೋಗೆ ಏನೂ ತೊಂದರೆಯಿಲ್ಲ. ಒಳಗೆ ಜಡೆ ಚರ್ಮವನ್ನು ಜಗ್ಗುತ್ತಿರುತ್ತದೆ, ಗಾಳಿಯಾಡದ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಉಣುಗುಗಳು ಅಡಗಿ ಕೂರುತ್ತವೆ. ನಮ್ಮ ಕಡೆಯ ಉಣುಗು ರಕ್ತ ಹೀರಿ ಸುಮ್ಮನೆ ಹೋಗುವಂಥದ್ದಲ್ಲ. ಬೇಬೀಸಿಯಾ, ಎರ್ಲಿಕಿಯಾ ಅಂಟಿಸಿ ನಾಯಿಯನ್ನು ಜ್ವರದಲ್ಲಿ ಮಲಗಿಸುತ್ತದೆ.

ಇದನ್ನು ತಡೆಯಲು ಮೇಲೆ ಮೇಲೆ ಬ್ರಶ್ ಆಡಿಸಿದರೆ ಸಾಲದು. ಬೈತಲೆ ತೆಗೆದ ಹಾಗೆ ಪದರ ಪದರವಾಗಿ ಬಿಡಿಸಿ, ಬುಡದಿಂದ ಬಾಚಿ, ಕೊನೆಗೆ ಸ್ಟೀಲ್ ಬಾಚಣಿಗೆ ಎಲ್ಲೂ ತಡೆಯದೆ ಚರ್ಮದಿಂದ ತುದಿಯವರೆಗೆ ಬರುತ್ತದೆಯೇ ಎಂದು ನೋಡಬೇಕು. ಸಿಕ್ಕು ಬಿಡಿಸದೆ ಸ್ನಾನ ಮಾಡಿಸಿದರೆ ಸಿಕ್ಕು ಇನ್ನೂ ಬಿಗಿಯುತ್ತದೆ. ಒಂದು ವರ್ಷದ ಆಸುಪಾಸಿನಲ್ಲಿ ಮರಿಗೂದಲು ಹೋಗಿ ದೊಡ್ಡ ಕೂದಲು ಬರುವಾಗಲಂತೂ ಬೆಳಿಗ್ಗೆ ಬಾಚಿದ್ದು ಸಂಜೆಗೆ ಜಡೆ. ಕಿವಿಯದು ಬೇರೆಯೇ ಕಥೆ. ಸ್ಪ್ಯಾನಿಯಲ್‌ನಿಂದ ಬಂದ ಜೋಲುಕಿವಿ, ಪೂಡಲ್‌ನಿಂದ ಬಂದ ಕಿವಿಯೊಳಗಿನ ಕೂದಲು, ಜೊತೆಗೆ ಜುಲೈ ತಿಂಗಳ ಮಳೆ. ಒಳಗೆ ತೇವ ನಿಂತು ಹುಳಿಹಿಟ್ಟಿನಂಥ ವಾಸನೆ ಹೊಡೆಯತೊಡಗಿದರೆ ಡಾಕ್ಟರ ಬಳಿ ಓಡಬೇಕು. ‘ವಾಸನೆ ಬರುವುದಿಲ್ಲ’ ಎಂದವರನ್ನು ಕರೆದು ಆಗ ಮೂಸಿಸಬೇಕು.

ಲ್ಯಾಬ್ರಡಾರ್ ಸಾಕಿದವರ ಕೈಯಲ್ಲಿ ಪೊರಕೆ, ನಮ್ಮ ಕೈಯಲ್ಲಿ ಬಾಚಣಿಗೆ. ಎಲ್ಲೂ ಕೆಲಸ ಕಡಿಮೆಯಾಗಿಲ್ಲ. ಪೊರಕೆಯನ್ನು ಒಂದು ದಿನ ಮುಂದೂಡಿದರೆ ಮನೆ ಕೊಳೆಯಾಗುತ್ತದೆ, ಅಷ್ಟೇ. ಬಾಚಣಿಗೆಯನ್ನು ಮುಂದೂಡಿದರೆ ನೋವು ತಿನ್ನುವುದು ನಾಯಿ.

ಈ ‘ಇಲ್ಲ’ಗಳ ಮೂಲ ಒಂದು ಒಳ್ಳೆಯ ಉದ್ದೇಶದಲ್ಲಿದೆ ಎನ್ನುವುದೇ ವಿಚಿತ್ರ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಎಂಬವರು ಕುರುಡರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯಲ್ಲಿದ್ದರು. ಹವಾಯಿಯ ಮಹಿಳೆಯೊಬ್ಬರಿಗೆ ಅಂಥ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿ ಅಲರ್ಜಿ. ಕಾನ್ರನ್ ಪರೀಕ್ಷಿಸಿದ ಪೂಡಲ್‌ಗಳು ಆ ಕೆಲಸಕ್ಕೆ ಒಗ್ಗದಿದ್ದಾಗ ಪೂಡಲ್ ಮತ್ತು ಲ್ಯಾಬ್ರಡಾರ್ ಕೂಡಿಸಿದರು. ಮೂರು ಮರಿ ಹುಟ್ಟಿದವು. ಕೂದಲು, ಜೊಲ್ಲಿನ ಮಾದರಿ ಹವಾಯಿಗೆ ಹೋಯಿತು. ಆ ಗಂಡನಿಗೆ ಸರಿಹೊಂದಿದ್ದು ಒಂದೇ ಮರಿ, ಸುಲ್ತಾನ್. ಮೊದಲ ಸೂಲಿನಲ್ಲೇ ಮೂರಕ್ಕೆ ಒಂದು! ಉಳಿದ ಬೆರಕೆ ಮರಿಗಳನ್ನು ಸಾಕಿಕೊಡಲು ಯಾರೂ ಮುಂದೆ ಬರಲಿಲ್ಲ. ‘ಲ್ಯಾಬ್ರಡೂಡಲ್’ ಎಂಬ ಹೆಸರು ಕಟ್ಟಿದ್ದೇ ಜನ ಸಾಲುಗಟ್ಟಿದರು. ತಮ್ಮ ಬದುಕಿನ ದೊಡ್ಡ ಪಶ್ಚಾತ್ತಾಪ ಇದೇ ಎಂದು ಕಾನ್ರನ್ 2019ರಲ್ಲಿ ಹೇಳಿದರು. ಅಷ್ಟರಲ್ಲಿ ಹೆಸರು ಪ್ರಪಂಚ ಸುತ್ತಿಯಾಗಿತ್ತು.

ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲಿನಲ್ಲಿ, ಚರ್ಮದಲ್ಲಿ ಇರುವ ಪ್ರೋಟೀನುಗಳು. ಅವುಗಳಲ್ಲಿ ಮುಖ್ಯವಾದ ‘ಕ್ಯಾನ್ ಎಫ್ 1’ ಅನ್ನು ನೆದರ್ಲೆಂಡ್ಸ್‌ನ ಸಂಶೋಧಕರು ಅಳೆದು 2012ರಲ್ಲಿ ಪ್ರಕಟಿಸಿದರು. ‘ಅಲರ್ಜಿ ತರದ’ ತಳಿಗಳ ಕೂದಲಿನಲ್ಲೇ ಅದು ಹೆಚ್ಚು ಸಿಕ್ಕಿತು. ಲ್ಯಾಬ್ರಡೂಡಲ್ ಇದ್ದ ಮನೆಗಳ ನೆಲದ ಧೂಳಿನಲ್ಲಿ ಕಡಿಮೆ ಇದ್ದದ್ದು ನಿಜ, ಗಾಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆರಕೆಯಾದರೆ ರೋಗ ಕಡಿಮೆ ಎಂಬ ಇನ್ನೊಂದು ಮಾತಿದೆ. ಕಾಕಪೂ, ಲ್ಯಾಬ್ರಡೂಡಲ್, ಕ್ಯಾವಪೂಗಳನ್ನು ಅವುಗಳ ತಾಯಿತಂದೆ ತಳಿಗಳ ಜೊತೆ ಹೋಲಿಸಿದ ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ 2024ರ ಅಧ್ಯಯನಕ್ಕೆ ಬಹುಪಾಲು ಕಾಯಿಲೆಗಳಲ್ಲಿ ಯಾವ ವ್ಯತ್ಯಾಸವೂ ಸಿಗಲಿಲ್ಲ.

ಇಲ್ಲಿಯವರೆಗೆ ತಲೆದೂಗಿದ ‘ಶುದ್ಧ ತಳಿ’ಯ ಅಭಿಮಾನಿಗಳೂ ಸ್ವಲ್ಪ ನಿಲ್ಲಬೇಕು. ಕನ್ನಡದಲ್ಲಿ ತಳಿಯ ನಾಯಿಗೆ ‘ಜಾತಿ ನಾಯಿ’ ಎನ್ನುತ್ತೇವೆ. ಬೀದಿಯದ್ದು ‘ಕಂತ್ರಿ’, ಇಂಗ್ಲಿಷಿನ ಕಂಟ್ರಿ ನಮ್ಮ ಬಾಯಲ್ಲಿ ಬೈಗುಳವಾದದ್ದು. ಎರಡು ಜಾತಿ ನಾಯಿಗಳನ್ನು ದುಡ್ಡು ಕೊಟ್ಟು ಕೂಡಿಸಿದರೆ ‘ಡಿಸೈನರ್’, ಅವೇ ಬೀದಿಯಲ್ಲಿ ಕೂಡಿದರೆ ಕಂತ್ರಿ. ಬೆರಕೆ ಎಂಬ ಕಾರಣಕ್ಕೆ ಚಕ್ಕುಲಿಯನ್ನು ಹಂಗಿಸುವವರ ಬಾಯಲ್ಲಿ ನನಗೆ ನಾಯಿಯ ಮಾತು ಕೇಳಿಸುವುದಿಲ್ಲ, ನಮ್ಮ ಊರುಗಳ ಹಳೆಯ ಮದುವೆ ಮಾತುಕತೆಗಳು ಕೇಳಿಸುತ್ತವೆ. ಅಪ್ಪನ ಸ್ನೇಹಿತರೊಬ್ಬರು ‘ಮುಧೋಳ ನಾಯಿ ತರಬೇಕಿತ್ತು, ನಮ್ಮದು’ ಎಂದರು. ಮುಧೋಳ ನಾಯಿ ಓಡಲೆಂದೇ ಹುಟ್ಟಿದ ಬೇಟೆನಾಯಿ; ಅದನ್ನು ಎರಡು ಬೆಡ್‌ರೂಮಿನ ಮನೆಯಲ್ಲಿ ಕಟ್ಟಿಹಾಕುವ ಅಭಿಮಾನ ನನಗೆ ಬೇಡ.

ಸಾಹಿತ್ಯ ಓದುವ ನಮಗೂ ಇದರಲ್ಲಿ ಪಾಲಿದೆ. ನಮ್ಮ ಕಥೆಗಳ ನಾಯಿಗಳು ದಾರಿ ಸವೆಸುತ್ತವೆ, ಕಾಯುತ್ತವೆ, ಜೊತೆಗೆ ಸಾಯುತ್ತವೆ. ಗುತ್ತಿಯ ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುವುದನ್ನು ಓದಿ ಅಳದವರು ನನ್ನ ವಿಭಾಗದಲ್ಲಿ ಕಡಿಮೆ, ನಾನೂ ಅತ್ತವಳೇ. ಧರ್ಮರಾಯನ ಹಿಂದೆ ಹೊರಟ ನಾಯಿ ಕೊನೆಗೆ ಧರ್ಮದೇವತೆಯೇ ಆಗಿಬಿಡುತ್ತದೆ, ಅದಕ್ಕೆ ಸ್ನಾನವಿಲ್ಲ, ಔಷಧಿಯಿಲ್ಲ. ನಾಯಿಯ ನಿಷ್ಠೆಗೆ ಇಷ್ಟು ಪುಟ ಕೊಟ್ಟ ನಾವು ಅದರ ಕಿವಿ ಒರೆಸಿದವಳಿಗೆ ಎಷ್ಟು ಸಾಲು ಕೊಟ್ಟಿದ್ದೇವೆ? ವಿಮರ್ಶೆಯಲ್ಲಿ ‘ಮನುಷ್ಯ–ಪ್ರಾಣಿ ಸಂಬಂಧ’ ಎಂದು ಅಧ್ಯಾಯ ಬರೆಯುವಾಗಲೂ ಆ ಮನುಷ್ಯ ಸಾಮಾನ್ಯವಾಗಿ ಅಂಗಳದಲ್ಲಿ ನಿಂತ ಗಂಡಸು.

‘ಅದು ಮನೆಯ ಸದಸ್ಯ’ ಎಂಬ ಮಾತಿನ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಮನೆಯ ಸದಸ್ಯರಿಗೆ ಬಡಿಸುವವರು, ಕಾಯಿಲೆ ಬಿದ್ದರೆ ಎದ್ದು ಕೂರುವವರು ಯಾರೆಂದು ನಮ್ಮ ಮನೆಗಳಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ನಾಯಿ ಸುಮ್ಮನೆ ಆ ಸಾಲಿಗೆ ಸೇರುತ್ತದೆ. ಎದುರು ಮನೆಯ ಆಂಟಿ ಕೇಳಿದರು, ‘ನಿನ್ನ ಮದುವೆ ಆದ್ಮೇಲೆ ಇದನ್ನ ಯಾರು ನೋಡ್ಕೋತಾರಮ್ಮ?’ ಅಣ್ಣನಿಗೆ ಮದುವೆಯಾದಾಗ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವನು ಭಾನುವಾರ ವಿಡಿಯೋ ಕರೆ ಮಾಡಿ ‘ಚಕ್ಕುಲಿ ಮುಖ ತೋರ್ಸೇ’ ಎನ್ನುತ್ತಾನೆ. ಪ್ರೀತಿ ಇಲ್ಲವೆಂದಲ್ಲ, ತುಂಬಾ ಇದೆ. ಬಾಚಣಿಗೆ ಎಲ್ಲಿದೆಯೆಂದು ಗೊತ್ತಿಲ್ಲ ಅಷ್ಟೇ.

ಹಾಗಾದರೆ ಯಾಕೆ ಸಾಕುತ್ತೀಯ ಎಂದು ಕೇಳಬಹುದು. ಕೆಲಸ ಇದೆ ಎನ್ನುವುದು ನನ್ನ ದೂರಲ್ಲ. ಬಾಚುವಾಗ ಅದು ನನ್ನ ತೊಡೆಯ ಮೇಲೆ ಗದ್ದ ಊರಿ ನಿದ್ದೆ ಹೋಗುವ ಆ ಮುಕ್ಕಾಲು ಗಂಟೆಯನ್ನು ನಾನು ಯಾವ ಸೆಮಿನಾರಿಗೂ ಬಿಟ್ಟುಕೊಡಲಾರೆ. ಕೆಲಸವನ್ನು ಮುಚ್ಚಿಟ್ಟು ಮರಿ ಮಾರುವುದು, ಆಮೇಲೆ ಆ ಕೆಲಸ ಮಾಡುವವಳನ್ನು ‘ಮನೆಯಲ್ಲೇ ಇರೋಳು’ ಎನ್ನುವುದು, ಜಗಳ ಇರುವುದು ಅಲ್ಲಿ. ಮರಿ ನೋಡಲು ಹೋಗುವವರು ಬಣ್ಣ, ಬೆಲೆ ಕೇಳುವ ಮೊದಲು ಮನೆಯಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ವಾರದ ಯಾವ ದಿನ ಯಾರು ಬಾಚುತ್ತಾರೆಂದು ಬರೆದು ಗೋಡೆಗೆ ಅಂಟಿಸಲಿ. ಆ ಹಾಳೆಯಲ್ಲಿ ಒಂದೇ ಹೆಸರು ಏಳು ಸಲ ಬಂದರೆ ಮರಿ ತರಬೇಡಿ.

ನಮ್ಮಲ್ಲಿ ಈಗ ಅಮ್ಮನ ತೀರ್ಮಾನ ಜಾರಿಯಲ್ಲಿದೆ: ಅಂದ ಹಾಳಾದರೂ ಚಿಂತೆಯಿಲ್ಲ, ಕೂದಲು ವರ್ಷವಿಡೀ ಅರ್ಧ ಇಂಚು. ಪೂಡಲ್ ಮೂಲದಲ್ಲಿ ನೀರಿಗೆ ಹಾರಿ ಬೇಟೆಯ ಹಕ್ಕಿ ತರುತ್ತಿದ್ದ ನಾಯಿ. ಈಜಲು ತೊಡಕಾಗದಿರಲೆಂದು ಆ ಬೇಟೆಗಾರರೂ ಕೂದಲು ಕತ್ತರಿಸುತ್ತಿದ್ದರು. ಅಣ್ಣನಿಗೆ ಬೇಸರವಾಯಿತು, ‘ಯಾಕಮ್ಮಾ ಬೋಳಿಸ್ಬಿಟ್ಟೆ, ಫೋಟೋದಲ್ಲಿ ಚೆನ್ನಾಗೇ ಇಲ್ಲ’ ಎಂದ. ‘ನೀನು ಬಂದು ಬಾಚು, ಬಿಡ್ತೀನಿ’ ಎಂದಳು ಅಮ್ಮ. ಈಗ ಯಾರಾದರೂ ಗೇಟಿನ ಹೊರಗೆ ನಿಂತು ‘ಇದು ಯಾವ ಜಾತಿ?’ ಎಂದರೆ, ಅವಳು ಕಾಂಪೌಂಡಿನ ಒಳಗಿಂದಲೇ ‘ಕಂತ್ರಿ’ ಎನ್ನುತ್ತಾಳೆ.